ಹಾಂಗ್‌ಕಾಂಗ್‌ನಲ್ಲಿ ಪತ್ರಿಕೆ ಓದಿ ಕ್ಯಾಂಟನೀಸ್ ಕಲಿಯಬಹುದಾ?

ಆಫೀಸಿಗೆ ಇಂಗ್ಲಿಷ್ ಸಾಕು, ಆದರೆ ಊರಿನ ಸುದ್ದಿ ಅರ್ಥವಾಗಬೇಕು, ಅದಕ್ಕೆ ಬೆಳಗ್ಗೆ ಮೆಟ್ರೊ ಹತ್ತಿರ ಪುಕ್ಕಟೆ ಸಿಗುವ ಪತ್ರಿಕೆ ಹಿಡಿದು ಕಲಿಯಲಾ ಅಂತ ಕೇಳಿದ್ದೀರಿ. ನೀವು ಇದನ್ನು ಕೇಳಿದ್ದೇ ನನಗೆ ಖುಷಿ. ಆದರೆ ಪತ್ರಿಕೆಯಿಂದ ಶುರು ಮಾಡಬೇಡಿ, ಟಿವಿಯಿಂದ ಮಾಡಿ.

ಯಾಕಂದ್ರೆ ಇಲ್ಲಿನ ಪತ್ರಿಕೆಗಳಲ್ಲಿ ಹೆಚ್ಚಾಗಿ ಇರುವುದು ಜನ ಮಾತಾಡುವ ಕ್ಯಾಂಟನೀಸ್ ಅಲ್ಲ, ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ಗೆ ಹತ್ತಿರವಾದ ಬರಹದ ಚೀನಿ. 'ಅವರು' ಅನ್ನೋಕೆ ಪಕ್ಕದ ಮನೆಯವರು 'ಖೋಯ್ ತೇ' ಅಂತಾರೆ, ಪತ್ರಿಕೆಯಲ್ಲಿ ಅದೇ ಜಾಗದಲ್ಲಿ 'ಥಾ ಮುನ್' ಇರುತ್ತದೆ. ನಮ್ಮಲ್ಲೂ ಬರೆಯುವ ಕನ್ನಡ ಬೇರೆ, ಮನೆಮಾತು ಬೇರೆ, ಆದರೆ ಇಷ್ಟು ದೂರ ಇಲ್ಲ ಅಲ್ವಾ? ಪತ್ರಿಕೆಯ ವಾಕ್ಯ ಬಾಯಿಪಾಠ ಮಾಡಿ ಮಾರ್ಕೆಟ್ಟಿನಲ್ಲಿ ಹಾಗೇ ಹೇಳಿದರೆ ಅರ್ಥವಾಗುತ್ತದೆ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ.

ಒಳ್ಳೆಯ ವಿಷಯ ಅಂದ್ರೆ ಸುದ್ದಿಯ ಹೆಸರುಪದಗಳು ಎರಡು ಕಡೆಯೂ ಹೆಚ್ಚಾಗಿ ಒಂದೇ. ಪೋವ್ ಚಿ ಪತ್ರಿಕೆ, ಸನ್ ಮನ್ ಸುದ್ದಿ, ತೀನ್ ಸೀ ಟಿವಿ, ಕೇ ಚೆ ವರದಿಗಾರ, ಥೀನ್ ಹೇ ಹವಾಮಾನ. ಇವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಜ್ಯೂಟ್‌ಪಿಂಗ್ ಅನ್ನುವ ಇಂಗ್ಲಿಷ್ ಅಕ್ಷರದ ಬರವಣಿಗೆಯಲ್ಲಿ 'ಜಿ' ಇದ್ದರೆ ನಮ್ಮ ಕಿವಿಗೆ ಅದು ಕ, 'ಕೆ' ಇದ್ದರೆ ಖ. ಅಲ್ಪಪ್ರಾಣ, ಮಹಾಪ್ರಾಣದ ಈ ವ್ಯತ್ಯಾಸ ನಮಗೆ ಶಾಲೆಯಲ್ಲೇ ಬಂದಿದೆ. ಕ್ಯಾಂಟನೀಸಿನ ಆರು ಸ್ವರಗಳಿಗೆ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳಿಗೆ, ಮಾತ್ರ ಯಾವ ಲಿಪಿಯೂ ಸಾಲದು, ಕೇಳಿ ಕೇಳಿಯೇ ಬರಬೇಕು. ಅದಕ್ಕೇ ಟಿವಿ ಅಂದದ್ದು.

ಇಲ್ಲಿನ ಟಿವಿ ವಾಹಿನಿ ಟಿವಿಬಿಯ ಸಂಜೆ 6:30ರ ವಾರ್ತೆ ಹಾಕಿ, ಪೂರ್ತಿ ಅರ್ಥವಾಗಲಿ ಅಂತ ಕೂರಬೇಡಿ, ಹವಾಮಾನದ ಭಾಗ ಒಂದನ್ನೇ ದಿನಾ ಗಮನ ಕೊಟ್ಟು ಕೇಳಿ. ಅಂಕಿಗಳು, ಮಳೆ, ಗಾಳಿ, ನಾಳೆ, ನಾಡಿದ್ದು, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಬೇಸಿಗೆಯಲ್ಲಿ ಚಂಡಮಾರುತ ಹತ್ತಿರ ಬಂದಾಗ ಇಡೀ ಊರು 'ಪಾತ್ ಹೋವ್' ಅಂದರೆ 8ನೇ ನಂಬರ್ ಚಂಡಮಾರುತ ಎಚ್ಚರಿಕೆಯ ಸಿಗ್ನಲ್ ಯಾವಾಗ ಅಂತ ಮಾತಾಡುತ್ತಿರುತ್ತದೆ. ಆ ಸಿಗ್ನಲ್ ಕೊಟ್ಟರೆ ಶಾಲೆಗಳಿಗೆ ರಜೆ, ಬಹುಪಾಲು ಆಫೀಸುಗಳೂ ಮುಚ್ಚುತ್ತವೆ. ಲಿಫ್ಟಿನಲ್ಲಿ ಅಷ್ಟು ಕಿವಿಗೆ ಬಿದ್ದರೂ ಸಾಕು, ನೀವೂ ಮಾತಿಗೆ ಸೇರಬಹುದು.

ಆಮೇಲೆ ಪತ್ರಿಕೆ ತೆಗೆಯಿರಿ, ಮೊದಲು ಶೀರ್ಷಿಕೆ ಮಾತ್ರ. ಮತ್ತೆ, ಆ್ಯಪ್ ಹಾಕಿಕೊಳ್ಳುವ ಮುಂಚೆ ಅದು ಕ್ಯಾಂಟನೀಸೇ ಕಲಿಸುತ್ತದಾ ಅಂತ ನೋಡಿ, ಜಾಸ್ತಿ ಸಿಗುವುದು ಮ್ಯಾಂಡರಿನ್ ಮತ್ತು ಸರಳ ಅಕ್ಷರದವು, ಇಲ್ಲಿನ ಪತ್ರಿಕೆಗಳಲ್ಲಿ ಇರುವುದು ಹಳೆಯ ಪೂರ್ಣ ಅಕ್ಷರಗಳು.