ಜ್ವಾಲೆ ಆರಿದ ಮೇಲೆ ಕಾಂತಕ್ಷೇತ್ರ ಹೆಚ್ಚಾಗೋದು ಹೇಗೆ?
ಸೌರಜ್ವಾಲೆಗೆ, ಅಂದರೆ ಸೂರ್ಯನಲ್ಲಿ ಆಗುವ ಹಠಾತ್ ಸ್ಫೋಟಕ್ಕೆ, ಕಾಂತಶಕ್ತಿಯೇ ಇಂಧನ ಅಂದಮೇಲೆ, ಅದು ಮುಗಿದಾಗ ಸೂರ್ಯನ ಮೇಲ್ಮೈಯಲ್ಲಿ ಕ್ಷೇತ್ರ ಕಡಿಮೆಯಾಗಬೇಕಲ್ಲ, ಹೆಚ್ಚಾಗಿದ್ದು ಹೇಗೆ ಅಂತ ಕೇಳಿದ್ದೀರಿ. ಮೊದಮೊದಲು ನನ್ನ ತಲೆಗೂ ಇದು ಹತ್ತಿರಲಿಲ್ಲ.

ಶಕ್ತಿ ಖರ್ಚಾಗುವುದು ಮುಖ್ಯವಾಗಿ ಮೇಲೆ, ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ. ನಾವು ಅಳೆಯುವುದು ಕೆಳಗೆ, ಕಣ್ಣಿಗೆ ಕಾಣುವ ಮೇಲ್ಮೈಯಾದ ದ್ಯುತಿಗೋಳದಲ್ಲಿ. 2011ರ ಫೆಬ್ರವರಿ 15ರ ಎಕ್ಸ್ 2.2 ಜ್ವಾಲೆಯನ್ನೇ ತಗೊಳ್ಳಿ (ಎಕ್ಸ್ ಅಂದರೆ ಅತಿ ಪ್ರಬಲ ಜ್ವಾಲೆಗಳ ವರ್ಗ). ಸೂರ್ಯನನ್ನು ಗಮನಿಸುವ ನಾಸಾದ ಎಸ್‌ಡಿಒ ನೌಕೆ ಅಳೆದಂತೆ, ಉತ್ತರ-ದಕ್ಷಿಣ ಧ್ರುವತೆಗಳು ಎದುರುಬದುರಾಗುವ ಗಡಿರೇಖೆಯ ಬಳಿ ಅಡ್ಡಡ್ಡ (ಮೇಲ್ಮೈಗೆ ಸಮಾನಾಂತರವಾದ) ಕ್ಷೇತ್ರ ಸುಮಾರು ಅರ್ಧ ಗಂಟೆಯಲ್ಲಿ ಶೇ. 30ರಷ್ಟು ಏರಿತು, ಏರಿದ್ದು ಹಾಗೇ ಉಳಿಯಿತು. ಅಂದರೆ ಅಲ್ಲಿನ ಬಲರೇಖೆಗಳು ಇನ್ನಷ್ಟು ಮಲಗಿಕೊಂಡವು. ಮೇಲೆ ರೇಖೆಗಳು ಕಡಿದು ಬೇರೆ ಥರ ಜೋಡಣೆಯಾದಾಗ ಅಲ್ಲಿನ ಕಾಂತೀಯ ಒತ್ತಡ ತಗ್ಗುತ್ತದೆ, ಸುತ್ತಲಿನ ಕ್ಷೇತ್ರ ಒಳಕ್ಕೆ ಕುಸಿಯುತ್ತದೆ, ಗಿಡ್ಡ ಕಮಾನುಗಳು ನೆಲಕ್ಕೆ ಅಂಟಿದ ಹಾಗೆ ಆಗುತ್ತವೆ. ನನಗೆ ಒಪ್ಪಿಗೆಯಾಗಿರೋದು ಈ ವಿವರಣೆಯೇ.

ಒಂದು ಎಚ್ಚರ. ಎಸ್‌ಡಿಒ ಇದನ್ನು ಅಳೆಯುವುದು ಕಬ್ಬಿಣದ 6173 ಆಂಗ್‌ಸ್ಟ್ರಾಂ ರೋಹಿತರೇಖೆ (ಸೂರ್ಯನ ಬೆಳಕಿನಲ್ಲಿ ಆ ತರಂಗಾಂತರದಲ್ಲಿ ಕಾಣುವ ಕಪ್ಪು ಗೆರೆ) ಕಾಂತಕ್ಷೇತ್ರದಿಂದ ಎಷ್ಟು ಸೀಳಿದೆ ಎಂದು ನೋಡಿ. ಜ್ವಾಲೆಯ ಕಾವಿಗೆ ಆ ರೇಖೆಯ ಆಕಾರವೇ ಕೆಡಬಹುದು, ಆಗ ಕೆಲ ನಿಮಿಷ ಧ್ರುವತೆ ಉಲ್ಟಾ ಆದಂತೆ ಕಾಣುತ್ತದೆ. ಹಾಗಾಗಿ ಕ್ಷೇತ್ರದ ಗ್ರಾಫಿನಲ್ಲಿ ಸೂಜಿಮೊನೆಯಂತೆ ಎದ್ದು ಬಿದ್ದದ್ದನ್ನು ಅನುಮಾನಿಸಿ. ಮೆಟ್ಟಿಲಿನಂತೆ ಏರಿ ಅಲ್ಲೇ ನಿಂತದ್ದು ನಿಜವಾದ ಬದಲಾವಣೆ.