ರಿಪೋರ್ಟ್ ಎರಡು, ಗಡ್ಡೆ ಒಂದೇ

ಶ್ವಾಸಕೋಶದ ಗಡ್ಡೆಗೆ ಸೂಜಿ ಬಯಾಪ್ಸಿಯಲ್ಲಿ ಸ್ಕ್ವಾಮಸ್ (ಚಪ್ಪಟೆ ಜೀವಕೋಶಗಳ ಕ್ಯಾನ್ಸರ್), ಆಪರೇಷನ್ ಆದ ಮೇಲೆ ಅಡಿನೋಸ್ಕ್ವಾಮಸ್ (ಅದರ ಜೊತೆ ಅಡಿನೋ, ಅಂದರೆ ಗ್ರಂಥಿಯಂಥ ಜೀವಕೋಶಗಳ ಕ್ಯಾನ್ಸರೂ ಬೆರೆತದ್ದು) ಅಂತ ರಿಪೋರ್ಟ್ ಬಂದಿದೆ. ಅಪ್ಪನಿಗೆ ಎರಡು ಕ್ಯಾನ್ಸರಾ, ಯಾವ ಲ್ಯಾಬನ್ನು ನಂಬಲಿ ಅಂತ ಕೇಳಿದ್ದೀರಿ. 2021ರಲ್ಲಿ ನಾನೂ ಇಂಥವೇ ಎರಡು ಕಾಗದ ಹಿಡಿದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ.

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಅಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಶ್ವಾಸಕೋಶದಲ್ಲಿ ಗಡ್ಡೆ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಡಾಕ್ಟರು, "ಬ್ಲಾಕ್ ತಂದುಕೊಡಿ, ಇಜಿಎಫ್ಆರ್ ಪರೀಕ್ಷೆ ಮಾಡಿಸೋಣ" ಅಂದರು. ಬ್ಲಾಕ್ ಅಂದರೆ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿಟ್ಟ ತುಂಡು. ಇಜಿಎಫ್ಆರ್ ಒಂದು ಜೀನ್, ಅದರಲ್ಲಿ ಬದಲಾವಣೆ ಆಗಿದೆಯಾ ಅಂತ ನೋಡುವ ಪರೀಕ್ಷೆ ಅದು.

ನಾನು ಬೇಡ ಅಂದೆ. ಸ್ಕ್ವಾಮಸ್‌ನಲ್ಲಿ ಆ ಬದಲಾವಣೆ ಸಿಗೋದು ತೀರಾ ಅಪರೂಪ ಅಂತ ಎಲ್ಲೋ ಓದಿದ್ದೆ. ಓದಿದ್ದು ಸರಿಯೇ. ಆದರೆ ಅಮ್ಮನದು ಬರೀ ಸ್ಕ್ವಾಮಸ್ ಆಗಿರಲಿಲ್ಲ. ಮೊದಲು ಬಂದ ರಿಪೋರ್ಟೇ ನಿಜ, ಎರಡನೆಯದು ಲ್ಯಾಬಿನ ತಪ್ಪು ಅಂತ ಹಟ ಹಿಡಿದಿದ್ದೆ. ಕಾಫಿ ಮೂಟೆಯ ಒಂದು ಮೂಲೆಯಿಂದ ಹಿಡಿ ಬೀಜ ತೆಗೆದು ಇಡೀ ಮೂಟೆಗೆ ದರ ಕಟ್ಟಿದರೆ ನಾವು ಒಪ್ಪುತ್ತೇವಾ? ಸೂಜಿಗೆ ಸಿಕ್ಕ ಚೂರೂ ಅಷ್ಟೇ ಅಲ್ವಾ. ಅದು ಸ್ಕ್ವಾಮಸ್ ಇದ್ದ ಕಡೆ ಚುಚ್ಚಿತ್ತು. ಎರಡೂ ಬಗೆಯ ಜೀವಕೋಶ ತಲಾ ಕನಿಷ್ಠ 10 ಶೇಕಡಾ ಇದ್ದರೆ ಮಾತ್ರ ಅಡಿನೋಸ್ಕ್ವಾಮಸ್ ಅನ್ನುತ್ತಾರೆ. ಅದನ್ನು ಖಚಿತವಾಗಿ ಹೇಳೋಕೆ ಕತ್ತರಿಸಿ ತೆಗೆದ ಪೂರ್ತಿ ಗಡ್ಡೆಯೇ ಬೇಕು. ಅಂದರೆ ಎರಡೂ ಲ್ಯಾಬ್ ಕಂಡದ್ದನ್ನೇ ಬರೆದಿದ್ದವು. ಸುಳ್ಳು ನನ್ನ ತಲೆಯಲ್ಲಿತ್ತು.

11 ತಿಂಗಳಿಗೆ ಕಾಯಿಲೆ ಮರಳಿತು. ಆಗ ಅದೇ ಹಳೇ ಬ್ಲಾಕ್‌ನಿಂದ ಪರೀಕ್ಷೆ ಮಾಡಿಸಿದೆವು. ಇಜಿಎಫ್ಆರ್ ಬದಲಾವಣೆ ಇತ್ತು. ಅದಕ್ಕೆ ಮಾತ್ರೆಯೇ ಇದೆ. ಆ 11 ತಿಂಗಳು ಬ್ಲಾಕ್ ಲ್ಯಾಬಿನ ಕಪಾಟಿನಲ್ಲೇ ಬಿದ್ದಿತ್ತು.

ಎರಡು ಕ್ಯಾನ್ಸರಾ ಅಂದಿರಲ್ಲ, ಆ ಲೆಕ್ಕವನ್ನು ಬಿಡಿ. ಇಂಥ ಗಡ್ಡೆಯ ಅಡಿನೋ ಭಾಗ, ಸ್ಕ್ವಾಮಸ್ ಭಾಗ ಬೇರೆ ಮಾಡಿ ನೋಡಿದಾಗ ಸಾಮಾನ್ಯವಾಗಿ ಎರಡರಲ್ಲೂ ಅದೇ ಇಜಿಎಫ್ಆರ್ ಬದಲಾವಣೆ ಸಿಗುತ್ತದೆ. ಎರಡೂ ಒಂದೇ ಜೀವಕೋಶದ ಸಂತಾನ ಅನ್ನೋಕೆ ದೊಡ್ಡ ಸಾಕ್ಷಿ ಅದು. ಇಲಿಗಳಲ್ಲಿ ಎಲ್‌ಕೆಬಿ1 ಅನ್ನೋ ಜೀನ್ ಕಳೆದುಹೋದಾಗ ಅಡಿನೋ ಗಡ್ಡೆಯ ಜೀವಕೋಶಗಳೇ ಸ್ಕ್ವಾಮಸ್ ರೂಪಕ್ಕೆ ತಿರುಗಿದ್ದನ್ನೂ ನೋಡಿದ್ದಾರೆ. ಮೂಲ ಜೀವಕೋಶ ಯಾವುದು, ಗಾಳಿಚೀಲದ್ದೋ ಶ್ವಾಸನಾಳದ ಒಳಪದರದ್ದೋ, ಅನ್ನೋ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ನಿಮ್ಮ ತಂದೆಯ ಚಿಕಿತ್ಸೆ ಅದಕ್ಕೆ ಕಾಯಬೇಕಿಲ್ಲ.

ಮೂರನೇ ಲ್ಯಾಬಿಗೆ ಓಡಬೇಡಿ. ಆಪರೇಷನ್ ಆದ ಆಸ್ಪತ್ರೆಯಿಂದ ಬ್ಲಾಕ್ ಮತ್ತು ಸ್ಲೈಡ್ (ಗಡ್ಡೆಯ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ) ಎರಡನ್ನೂ ಇಸ್ಕೊಳ್ಳಿ. ಜೀನ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಆಗಿಲ್ಲ ಅಂದರೆ ಈ ವಾರವೇ ಕಳಿಸಿ. ತಂದೆ ಸಿಗರೇಟು ಸೇದುತ್ತಿದ್ದರೂ ಕೇಳಿ.

ಮಾತ್ರೆ ಶುರುವಾದ ಎರಡನೇ ತಿಂಗಳು ಅಮ್ಮ ಕಣಕ್ಕೆ ಇಳಿದು ತಾವೇ ಕಾಫಿ ಕೆದಕಿದರು.