ಪವರ್ ವ್ಯಾಗನ್‌ಗೆ ಡೀಸೆಲ್ ಎಂಜಿನ್

ಪ್ರಶ್ನೆ: ಅಮೆರಿಕದ ರ‍್ಯಾಮ್ 2500 ಪಿಕಪ್‌ಗಳಿಗೆ ಕಮಿನ್ಸ್ ಕಂಪನಿಯ ಡೀಸೆಲ್ ಎಂಜಿನ್ ಸಿಗುತ್ತಿದ್ದರೂ, ಅವುಗಳಲ್ಲೇ ಕಾಡುದಾರಿಗೆಂದು ರೂಪಿಸಿದ ಪವರ್ ವ್ಯಾಗನ್‌ಗೆ ಬಹುಕಾಲ ಅದನ್ನು ಕೊಡಲಿಲ್ಲವೇಕೆ?

ಉತ್ತರ: ಮುಖ್ಯ ತೊಡಕು ವಾಹನದ ಮೂತಿಯಲ್ಲಿತ್ತು. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುವ ವಿಂಚ್ ಮುಂಭಾಗದಲ್ಲೇ ಕೂರುವುದರಿಂದ, ಟರ್ಬೊ ಡೀಸೆಲ್‌ನ ರೇಡಿಯೇಟರ್ ಮತ್ತು ಎಂಜಿನ್ನಿನೊಳಗೆ ಹೋಗುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗಳಿಗೆ ಬೇಕಾದ ಗಾಳಿಗೆ ಅದು ಅಡ್ಡವಾಗುತ್ತದೆ, ಜೊತೆಗೆ 6.7 ಲೀಟರ್‌ನ, ಆರು ಸಿಲಿಂಡರ್‌ಗಳ ಈ ಭಾರಿ ಎಂಜಿನ್ ಮುಂದಿನ ಆಕ್ಸಲ್ ಮೇಲಿನ ಹೊರೆಯನ್ನೂ ಹೆಚ್ಚಿಸುತ್ತದೆ. ಆದರೂ 2023ರ ಮಾದರಿಯಲ್ಲಿ ಪವರ್ ವ್ಯಾಗನ್‌ನ 6.4 ಲೀಟರ್ ಪೆಟ್ರೋಲ್ ವಿ8 ಸುಮಾರು 580 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ನೀಡಿದರೆ, ಅದೇ ವರ್ಷದ, 2500 ಸಾಲಿನ ಇನ್ನೊಂದು ಮಾದರಿಯಾದ ರೆಬೆಲ್‌ನ ಡೀಸೆಲ್ ಸುಮಾರು 1,150 ನೀಡುತ್ತಿತ್ತು. ಟ್ರೇಲರ್ ಎಳೆದುಕೊಂಡು ದೂರ ಹೋಗುವವರಿಗೆ ಡೀಸೆಲ್ಲೇ ಸರಿ. ಬಂಡೆಗಳ ನಡುವೆ ನಿಧಾನವಾಗಿ ಸಾಗುವವರಿಗೆ ಮೂತಿ ಹಗುರವಾಗಿರುವ ಪೆಟ್ರೋಲ್ ಗಾಡಿಯೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.